ಇನ್ನೂರ ಹನ್ನೆರಡು

ಸಿದ್ದಾಪುರದ ಸಂತೆಯೆದುರು, ಕೋಳಿ ಅಂಗಡಿಗೂ
ಮರದ ಡಿಪೋಗೂ ನಡುವೆ
ಒಂದೇ ಬಾಗಿಲಿನ ಅಗಲ ಮೊಯ್ದುಕಾಕನ ಸಿಡಿ ಅಂಗಡಿ.
ಅಲ್ಲಿ ನನ್ನ ಕೆಲಸ ಒರೆಸುವುದು.
ಹಳೇ ಬನಿಯನ್ನಿನ ತುಂಡು, ಬಟಾಣಿಯಷ್ಟು ಟೂತ್‌ಪೇಸ್ಟು,
ನಡುವಿನಿಂದ ಅಂಚಿಗೆ, ನೇರ.
"ಸುತ್ತಿ ಒರೆಸಿದರೆ ಗೀರು ಕತೆಯ ಜೊತೆಗೇ ಓಡುತ್ತದೆ ಮೋನೆ,
ಅಡ್ಡ ಗೀರಾದರೆ ಕತೆ ಹಾರಿ ದಾಟುತ್ತದೆ."

ಶನಿವಾರ ಬಟವಾಡೆ.
ಸಂಜೆಗೆ ಲೈನ್ ಮನೆಗಳಿಂದ ಬರುತ್ತಿದ್ದರು
ಕಾಫಿ ಕೊಯ್ದು ಬೆರಳು ಕಪ್ಪಾದವರು.
ಟಿವಿ, ಪ್ಲೇಯರು, ಮೂರು ಸಿನಿಮಾ, ರಾತ್ರಿಗೆ ನೂರೈವತ್ತು.
ಜೀಪಿನ ಹಿಂದೆ ಗೋಣಿ ಹಾಸಿ ಟಿವಿಯನ್ನು ಮಲಗಿಸಿ
ಬಾಣಂತಿಯನ್ನು ಒಯ್ಯುವ ಹಾಗೆ
ಹೊಂಡ ತಪ್ಪಿಸಿ ತಪ್ಪಿಸಿ ಒಯ್ಯುತ್ತಿದ್ದರು ಕರಡಿಗೋಡಿಗೆ.

ಎಲ್ಲರೂ ಕೇಳುತ್ತಿದ್ದದ್ದು ಇನ್ನೂರ ಹನ್ನೆರಡು.
ಕವರಿನ ಹೆಸರು ಬಿಸಿಲಿಗೆ ಅಳಿಸಿತ್ತು, ನಂಬರೇ ಹೆಸರು.
ಅದರಲ್ಲಿ ಒಬ್ಬಳು ರಾತ್ರಿ ಬಸ್ಸಿಂದ ಇಳಿಯುತ್ತಾಳೆ,
ಕೈಯಲ್ಲಿ ತಗಡಿನ ಟ್ರಂಕು,
ಮುಚ್ಚಿದ ಗೇಟಿನ ಮುಂದೆ ನಿಲ್ಲುತ್ತಾಳೆ.
ಅಲ್ಲಿಗೆ ಬಂತು ಗೀರು.
ಮುಖ ಚೌಕ ಚೌಕವಾಗಿ ಒಡೆದು
ಕ್ಕ ಕ್ಕ ಕ್ಕ ಎಂದು ಬಿಕ್ಕಳಿಸಿ, ಒಂಬತ್ತು ನಿಮಿಷ ಹಾರಿ
ಅದೇ ಹೆಂಗಸು ಅದೇ ಮನೆಯ ಜಗಲಿಯಲ್ಲಿ
ಮೊರದಲ್ಲಿ ಅಕ್ಕಿ ಕೇರುತ್ತ ನಗುತ್ತಿದ್ದಾಳೆ.

ಗೇಟು ತೆಗೆದವರು ಯಾರು?

"ಯಾರು ತೆಗೆಯುತ್ತಾರೆ, ಇವಳೇ ಹಾರಿದಳು" ಅಂದಳು ಎರವರ ಮುತ್ತಿ,
ಸೀರೆ ಎತ್ತಿಕಟ್ಟುವುದನ್ನು ತೋರಿಸಿ.
ಹವಾಲ್ದಾರ್ ಮೇದಪ್ಪನವರ ಪ್ರಕಾರ
ನಾಯಿ ಬೊಗಳಲಿಲ್ಲ. ಬೊಗಳದಿದ್ದ ಮೇಲೆ ಮುಗಿಯಿತಲ್ಲ.
ಆಲ್ಬರ್ಟ್ ರೈಟರು ಹಾಜರಿ ಪುಸ್ತಕ ಮುಚ್ಚಿಟ್ಟು ಹೇಳಿದರು:
ಅತ್ತೆ ಬಂದಳು. ಮೊದಲು ಬೈದಳು.
ಆಮೇಲೆ ಗಂಜಿಗೆ ಇನ್ನೊಂದು ಲೋಟ ನೀರು ಹಾಕಿದಳು.
ಕಾಕ ಮಾತ್ರ
"ಅದೆಲ್ಲ ಇರಲಿ, ಎರಡು ದಿನದ ದಂಡ ಕಟ್ಟಿ."

ಮುಂದೆ ರಸ್ತೆಯ ಆ ಬದಿಗೆ
ಒಂದು ಕಂಪ್ಯೂಟರು, ಒಂದು ಸ್ಟೂಲು ಹಾಕಿದವನು ನಾನೇ.
ಎಂಟು ಜಿಬಿ ಕಾರ್ಡಿಗೆ ಹತ್ತು ಸಿನಿಮಾ, ಐವತ್ತು ರೂಪಾಯಿ.
ಉಗುರಿನಷ್ಟು ಕಾರ್ಡು ಬಾಯಲ್ಲಿ ಕಚ್ಚಿಕೊಂಡು
ಅಸ್ಸಾಮಿನ ಹುಡುಗರು ಸಾಲು ನಿಂತರು.
ಹಸಿರು ಗೆರೆ ಉದ್ದವಾಗುವುದನ್ನು ನೋಡುತ್ತ
ನಾವು ಯಾರೂ ಮಾತಾಡುತ್ತಿರಲಿಲ್ಲ.
ನನ್ನಲ್ಲಿ ಒಯ್ದದ್ದನ್ನು ಯಾರೂ ವಾಪಸ್ ತರಬೇಕಿಲ್ಲ,
ತಡವಾದದ್ದಕ್ಕೆ ಕಾರಣ ಹೇಳಬೇಕಿಲ್ಲ:
ದಾರಿಯಲ್ಲಿ ಆನೆ ಇತ್ತು ಕಾಕ,
ಕರೆಂಟಿರಲಿಲ್ಲ,
ಮಗು ಹುಟ್ಟಿತು.

ಎದುರಿಗೆ ಕಾಕ ಒಬ್ಬರೇ ಕೂತು
ಯಾರೂ ಒಯ್ಯದ ಸಿಡಿಗಳನ್ನು ಒರೆಸುತ್ತಿದ್ದರು.
ಮೊದಲು ಬಾಡಿಗೆ ಇಳಿಸಿದರು. ಆಮೇಲೆ ಮಾರಾಟಕ್ಕಿಟ್ಟರು.
ಕೊನೆಗೆ ಗದ್ದೆಯವರು ಬಂದು ಬುಟ್ಟಿಗಟ್ಟಲೆ ಕೊಂಡುಹೋದರು,
ಭತ್ತಕ್ಕೆ ಬರುವ ಗಿಳಿಗಳನ್ನು ಹೆದರಿಸಲು.
ಹತ್ತು ದಿನ ಹೆದರಿದವಂತೆ ಗಿಳಿಗಳು.

ಶಟರು ಎಳೆದ ರಾತ್ರಿ ರಸ್ತೆ ದಾಟಿ ಬಂದರು,
ನನ್ನ ಸ್ಟೂಲಿನ ಮೇಲೆ ಕೂತರು.
"ನಿನ್ನಲ್ಲಿ ಇನ್ನೂರ ಹನ್ನೆರಡು ಪೂರ್ತಿ ಇದೆಯಾ?"

ಇತ್ತು. ಹಾಕಿದೆ.
ಬಸ್ಸು, ಟ್ರಂಕು, ಗೇಟು.
ನಾವಿಬ್ಬರೂ ಉಸಿರು ಹಿಡಿದೆವು, ಅಭ್ಯಾಸ.
ವಾಚ್‌ಮನ್ ಬಂದ. ಯಾರು ಅಂದ. ಹೆಸರು ಹೇಳಿದಳು. ತೆಗೆದ.
ಉಳಿದದ್ದು ಹಾಡು, ಕನಸಿನಲ್ಲಿ,
ಯಾವುದೋ ಬೆಟ್ಟದ ಮೇಲೆ, ಹಿಮದಲ್ಲಿ.
"ಹಿಮ?" ಅಂದರು ಕಾಕ.
ಆಮೇಲೆ ತುಂಬಾ ಹೊತ್ತು ನಕ್ಕರು, ಕೆಮ್ಮು ಬರುವಷ್ಟು.
ಜೇಬಿಗೆ ಕೈ ಹಾಕಿ ಐದು ರೂಪಾಯಿ ಇಟ್ಟುಹೋದರು.
ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಭಾನುವಾರ ಸಂತೆ ಮುಗಿಸಿ ಮುತ್ತಿ ಬಂದಳು,
ಮಗನ ಫೋನು ಸೆರಗಿನ ಗಂಟಿನಲ್ಲಿ.
"ಆ ಗೇಟಿನ ಸಿನಿಮಾ ಹಾಕಿಕೊಡು."
ಚೀಲ ಕೆಳಗಿಡು ಅಂದೆ. ನೀರು ಕೊಟ್ಟೆ.
ಅವಳು ನೀರು ಕುಡಿಯುವಷ್ಟರಲ್ಲಿ
ಒಂಬತ್ತು ನಿಮಿಷ ಕತ್ತರಿಸಿದೆ,
ಕ್ಕ ಕ್ಕ ಕ್ಕ ಒಂದನ್ನು ಸೇರಿಸಲು ಆಗಲಿಲ್ಲ.

ಎಷ್ಟು ಅಂದಳು.
ರಾತ್ರಿಗೆ ಹತ್ತು, ನಾಳೆ ವಾಪಸ್ ತಾ, ಅಂದೆ.
ಏನನ್ನು ತರಬೇಕೆಂದು ಅವಳೂ ಕೇಳಲಿಲ್ಲ.