ಮೀನಿಲ್ಲದ ನೀರಿಗೆ ದೀಪ

ಮೂವತ್ತೊಂದು ವರ್ಷ ಕಾಡ್‌ಮೀನು ಸೀಳಿದ ಕೈ ಇದು.
ಬೆಲ್ಟಿನ ಮೇಲೆ ಬರುತ್ತಿದ್ದವು, ಬರುತ್ತಲೇ ಇದ್ದವು,
ಎಡಕ್ಕೆ ತಲೆ, ಬಲಕ್ಕೆ ಮಾಂಸ,
ಸಂಜೆಗೆ ಟನ್ನುಗಳಲ್ಲಿ ಲೆಕ್ಕ.
ಒಂದಕ್ಕೂ ತುತ್ತು ಹಾಕಿದವಳಲ್ಲ ನಾನು.

ಕಾರ್ಖಾನೆ ಮುಚ್ಚಿದ ವರ್ಷ
ತವಮಲರ್ ಓಸ್ಲೋಗೆ ಹೊರಟಳು.
ಇಪ್ಪತ್ತು ಚಳಿಗಾಲ ನನ್ನ ಪಕ್ಕದ ಚೂರಿ ಅವಳದು.
ಲಾರಿಯಲ್ಲಿ ಜಾಗವಿಲ್ಲವೆಂದು
ಈ ಗಾಜಿನ ತೊಟ್ಟಿಯನ್ನು ನನ್ನ ಮೆಟ್ಟಿಲ ಮೇಲಿಟ್ಟು
"ಗುನ್ವೋರ್, ಇದಕ್ಕೆ ಆಲೂಗಡ್ಡೆ ತುಂಬಬೇಡ" ಅಂದಳು.

ಎರಡು ವರ್ಷ ಆಲೂಗಡ್ಡೆಯನ್ನೇ ತುಂಬಿದ್ದೆ.

ಈ ಅಕ್ಟೋಬರಿನಲ್ಲಿ ತೊಳೆದೆ.
ಕಿಟಕಿಯ ಕೆಳಗಿನ ಮೇಜು, ಅದರ ಕುಂಟುಕಾಲಿಗೆ
ಮಡಿಸಿದ ಬಸ್ ಟಿಕೆಟ್ಟು.
ಮರಳನ್ನು ಬಕೆಟ್ಟು ಬಕೆಟ್ಟು ತೊಳೆದೆ,
ಅವಳು ಅಕ್ಕಿ ತೊಳೆಯುತ್ತಿದ್ದ ಹಾಗೆ,
ನೀರು ಗೊಣಗುವುದನ್ನು ಬಿಡುವವರೆಗೆ.
ಹಿಂದೆ ಏರು, ಮುಂದೆ ತಗ್ಗು.
ದಡಕ್ಕೆ ಬಂದ ಕೊರಡೊಂದನ್ನು ಇಡಹೋದರೆ
ಅಂಗಡಿಯ ಹುಡುಗ ಈಸಾಕ್ ಫೋನಿನಲ್ಲಿ ಗದರಿದ:
"ಉಪ್ಪು ಕುಡಿದ ಮರ ಅದು. ಮರೆಯುವುದಿಲ್ಲ."
ವಾರ್ಡೋದಲ್ಲಿ ಉಪ್ಪು ಕುಡಿಯದ್ದು ಯಾವುದಿದೆ, ಮಗೂ?

ಗಿಡಗಳು ಅಂಚೆಯಲ್ಲಿ ಬಂದವು,
ಒದ್ದೆ ಕಾಗದದಲ್ಲಿ, ಹೊಸ ಕೂಸಿನಂತೆ ಸುತ್ತಿಕೊಂಡು.
ಇಕ್ಕಳದಲ್ಲಿ ಹಿಡಿದು ಒಂದೊಂದೇ ನೆಟ್ಟೆ.
ಆನುಬಿಯಾಸನ್ನು ಮಾತ್ರ ಹೂಳಬಾರದಂತೆ;
ಕಲ್ಲಿಗೆ ದಾರ ಸುತ್ತಿ ಹಾಕಿದೆ
ಅಪ್ಪ ಬಲೆಗೆ ಹಾಕುತ್ತಿದ್ದ ಗಂಟು.
ಗಾಳಿ ಮರವನ್ನೇ ನಿಲ್ಲಗೊಡದ ದ್ವೀಪದಲ್ಲಿ
ಇದು ನನ್ನ ಮೊದಲ ತೋಟ,
ಅದೂ ನೀರಿನಡಿ.

"ಇನ್ನು ಮೀನು?"
"ಆರು ವಾರ ಕಾಯಿರಿ."
ಏನೂ ಇಲ್ಲದ ನೀರಿಗೆ ದಿನಾ ಒಂದು ಚಿಟಿಕೆ ಊಟ,
ಕಲ್ಲಿನ ಮೈಗೆ, ಸ್ಪಂಜಿನ ತೂತಿಗೆ
ಒಕ್ಕಲು ಬರಬೇಕಾದ ಕಾಣದ ಜೀವಗಳಿಗೆ.
ಅಂಚೆಯ ಓಡ್‌ಬ್ಯೋರ್ನ್ ಬಗ್ಗಿ ನೋಡಿ
"ಬಲು ಸಾಧು ಮೀನು ನಿನ್ನವು, ಗಲಾಟೆಯೇ ಇಲ್ಲ" ಅಂದ.
ನೀರು ಹಾಲಾಯಿತು. ಆಮೇಲೆ ತಿಳಿಯಾಯಿತು.
ಎಲೆಗಳು ಕರಗಿ ಲೋಳೆಯಾದವು.
ಪುಟ್ಟ ಗಾಜಿನ ಕೊಳವೆಗೆ ಎಂಟು ಹನಿ ಎಣಿಸಿ
ಅಲುಗಾಡಿಸಿ, ದೀಪಕ್ಕೆ ಹಿಡಿದು ನೋಡುತ್ತಿದ್ದೆ:
ಹಳದಿ ಬರಬೇಕು, ಹಸಿರು.
ಮರುದಿನವೂ ಹಸಿರು.

ನವೆಂಬರಿನ ಕೊನೆಗೆ ಸೂರ್ಯ ಹೋದ.
ನಮಗಿದೇನು ಹೊಸದಲ್ಲ. ಎರಡು ತಿಂಗಳು
ಮಧ್ಯಾಹ್ನವೆಂದರೆ ಆಕಾಶದಲ್ಲೊಂದು ನೀಲಿ ಗಾಯ.
ಆದರೆ ಈ ವರ್ಷ, ಹತ್ತಕ್ಕೆ ಸರಿಯಾಗಿ,
ನನ್ನ ಅಡುಗೆಮನೆಯಲ್ಲೊಂದು ಬೆಳಗು, ಟಕ್ಕೆಂದು;
ಆರಕ್ಕೆ ನಾನೇ ಮುಳುಗಿಸುತ್ತಿದ್ದೆ.
ಸತ್ತಿತೆಂದುಕೊಂಡ ಬುಡದಲ್ಲಿ
ಉಗುರಿನಷ್ಟು ಎಲೆ, ತಾಮ್ರದ ಬಣ್ಣ.
ಎಲ್ಲಿಂದಲೋ ಒಂದು ಬಸವನಹುಳು,
ಬಾಡಿಗೆ ಕೊಡದೆ.

ಆ ವಾರ ಕೊಳವೆಯಲ್ಲಿ ಹಳದಿ.

ಹಡಗಿನಲ್ಲಿ ಬಂದವು, ಥರ್ಮೋಕೋಲ್ ಪೆಟ್ಟಿಗೆಯಲ್ಲಿ:
ಮೀಸೆಯ ಕೋರಿಗಳು ಐದು,
ಕೆಂಡದ ಕಿಡಿಯಂಥ ಟೆಟ್ರಾ ಒಂಬತ್ತು.
ಚೀಲವನ್ನು ನೀರಿನ ಮೇಲೆ ತೇಲಬಿಟ್ಟು
ಇದರ ನೀರು ಅದಕ್ಕೆ, ಲೋಟ ಲೋಟ,
ಬೀಗರನ್ನು ಪರಿಚಯಿಸುವ ನಿಧಾನದಲ್ಲಿ.
ಒಂದು ಟೆಟ್ರಾ ಚೀಲದಲ್ಲೇ ಮಲಗಿತ್ತು.

ಅಂಗೈಯಲ್ಲಿಟ್ಟೆ.
ಕೈಗೆ ಗೊತ್ತಾಗಲಿಲ್ಲ, ಅಷ್ಟು ಹಗುರ.
ಮೂವತ್ತೊಂದು ವರ್ಷದ ಕೈ
ಮೊದಲ ಬಾರಿಗೆ ಒಂದು ಎಂದು ಎಣಿಸಿತು.
ತವಮಲರ್‌ಗೆ ಫೋನು ಮಾಡಿದೆ. ಏನು ಹೇಳಲಿ?
"ಎಂಟು ಚೆನ್ನಾಗಿವೆ" ಅಂದೆ.

ಜನವರಿಯಲ್ಲಿ ಕೋಟೆಯ ತೋಪು ಗುಡುಗಿತು,
ಸೂರ್ಯನ ಇಡೀ ಬಿಲ್ಲೆ ಕಂಡಿತೆಂದು.
ಶಾಲೆಗೆ ರಜೆ, ಬೀದಿ ತುಂಬ ಮಕ್ಕಳು.
ಎಂಟೂ ಒಂದೇ ಎಲೆಯ ಹಿಂದೆ ಅಡಗಿದವು;
ಕೋರಿಗಳು ಕಿವುಡರಂತೆ ಮರಳು ಜರಡಿ ಹಿಡಿಯುತ್ತಿದ್ದವು.
ಬಿಸಿಲು ಕಿಟಕಿ ದಾಟಿ, ಮೇಜು ಹತ್ತಿ, ಗಾಜಿಗೆ ಬಂತು.
ನೇರ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ,
ಈಸಾಕ್ ಹೇಳಿದ್ದ.
ಪರದೆ ಎಳೆಯಲು ಮನಸ್ಸಾಗಲಿಲ್ಲ.
ಎರಡು ತಿಂಗಳು ಕಾದ ಮುಖವನ್ನು ಅದಕ್ಕೊಡ್ಡಿ
ತೊಟ್ಟಿಗೆ ಅಡ್ಡ ನಿಂತೆ,
ನನ್ನ ಬೆನ್ನ ನೆರಳು ಪೂರ್ತಿ ಅವುಗಳಿಗೆ.