ಎಣ್ಣೆ ಸುಮ್ಮನಾಗುವ ಹೊತ್ತು

ವಿ.ವಿ. ರೋಡಿನ ಅಂಗಡಿಯಲ್ಲಿ ಮೂರು ಇದ್ದವು,
ಮೂರೂ ಕಪ್ಪು, ಮೂರೂ ಗುಂಡು,
ಮಸಿ ಹಿಡಿಯದ ಒಲೆಗುಂಡುಗಳ ಹಾಗೆ.
ನಾಲ್ಕು ಲೀಟರು, ಐದೂವರೆ, ಎಂಟು.
ಲೀಟರಂತೆ! ಹಾಲೇ, ಸೀಮೆಎಣ್ಣೆಯೇ?
ಗಾಳಿಗೂ ಪಾವು ಚಟಾಕು ಬಂತಲ್ಲ ಎಂದೆ.
ತಬ್ರೇಜ್ ನಕ್ಕು ಬುಟ್ಟಿ ಎಳೆದು ತೋರಿಸಿದ:
"ಎಷ್ಟು ವಡೆ ಹಿಡಿಸುತ್ತೆ ನೋಡಿ ಅಕ್ಕ, ಲೆಕ್ಕ ಅಷ್ಟೇ."

ನಮ್ಮೋರು ಬುಟ್ಟಿ ನೋಡಲಿಲ್ಲ.
ಮಗುವಿನ ಬೆನ್ನುಜ್ಜಲು ತಿರುಗಿಸಿದಂತೆ ಅದನ್ನು ತಿರುಗಿಸಿ
ಹಿಂದಿನ ಚೀಟಿ ಓದಿದರು: ಸಾವಿರದೈನೂರು ವ್ಯಾಟು.
ಲೈನ್‌ಮನ್ನಿನ ಕಣ್ಣು.
"ಗೀಸರು, ಮಿಕ್ಸಿ, ಇದು, ಮೂರೂ ಒಟ್ಟಿಗೆ ಬೇಡ."
ಅವರು ಓದಿದ್ದು ಒಂದು ಚೀಟಿ,
ದುಡ್ಡು ಕೊಟ್ಟದ್ದು ಇನ್ನೊಂದು ಚೀಟಿ,
ಗುತ್ತಲಿನ ಹದಿನಾರು ಹೆಂಗಸರದು, ಏಳನೇ ಸರದಿ ನನ್ನದು.
ಐದೂವರೆ ತಂದೆವು.

ಮೊದಲ ದಿನ ಬಜ್ಜಿ.
ಹಿಟ್ಟೆಲ್ಲ ಜಾಲರಿಯ ತೂತಿಗಿಳಿದು
ಕೆಳಗೆ ಗಾರೆಯ ಹಾಗೆ ಒಣಗಿತು;
ಹೀರೇಕಾಯಿ ಬೆತ್ತಲೆ ಕೂತಿತ್ತು.
ಮರುದಿನ ಕರಿಬೇವು:
ಗಾಳಿಗೆ ಎದ್ದು, ಮೇಲಿನ ಸುರುಳಿಗೆ ಅಂಟಿ, ಹೊಗೆ.
ಹೊಗೆಗೆ ಓಡಿ ಬಂದ ಪಕ್ಕದ ಮನೆ ಜವರಮ್ಮ
ಬೆಂಕಿ ನೋಡಲು ಬಂದಿರಲಿಲ್ಲ.

ಅತ್ತೆ ಬಾಗಿಲಲ್ಲೇ ಕೂತಿದ್ದರು.
ಸಕ್ಕರೆ ನಾಡಿನವರು, ಸಕ್ಕರೆಯೇ ಕಣ್ಣು ತಿಂದಿತ್ತು.
ಆದರೂ ಮೊನ್ನೆಮೊನ್ನೆಯ ತನಕ ವಡೆ ಅವರದೇ.
ನಾನು ತಟ್ಟಿ ಬಿಡುವುದು, ಅವರು ಬಾಣಲೆಗೆ ಕಿವಿ ಕೊಡುವುದು.
ಬಿದ್ದೊಡನೆ ಚೊರ್ರೆಂದು ಬೈಯುವ ಎಣ್ಣೆ
ಬರಬರುತ್ತ ಗೊಣಗುತ್ತದೆ,
ಆಮೇಲೆ ತನ್ನಷ್ಟಕ್ಕೆ ಪಿಸುಗುಡುತ್ತದೆ,
ಅದು ಸುಮ್ಮನಾಗುವ ಹೊತ್ತಿಗೆ ಸರಿಯಾಗಿ
"ತಗೀ" ಎನ್ನುವರು.
ಒಂದೂ ಹಸಿ ಇರುತ್ತಿರಲಿಲ್ಲ, ಒಂದೂ ಸೀಯುತ್ತಿರಲಿಲ್ಲ.

ಡಾಕ್ಟರು ಎಣ್ಣೆ ಬೇಡ ಅಂದದ್ದು ಮಗನಿಗೆ,
ಕೆಲಸ ಕಳೆದುಕೊಂಡದ್ದು ತಾಯಿಯ ಕಿವಿ.
ಈ ಪೆಟ್ಟಿಗೆಗೆ ಒಂದೇ ರಾಗ,
ಹಸಿ ಇದ್ದರೂ ಗುಂಯ್, ಬೆಂದರೂ ಗುಂಯ್.
"ನಿನ್ನ ಟೀಸಿ ಅಡುಗೆಮನೆಗೇ ಬಂತಲ್ಲೋ ಬೋರಲಿಂಗ,
ಇದು ಕೂಗ್ತದೆ ಕಣ್ಲಾ, ಮಾತಾಡಾಕಿಲ್ಲ."

ನಾವು ಕಲಿತೆವು. ಹಿಟ್ಟು ಗಟ್ಟಿಯಿರಬೇಕು,
ವಡೆ ತೆಳ್ಳಗೆ, ಎರಡೂ ಮೈಗೆ ಬೆರಳಿನಲ್ಲಿ ಎಣ್ಣೆ ಸವರಿ,
ಒಂದಕ್ಕೊಂದು ತಾಗದಂತೆ ಇಟ್ಟು, ನಡುವೆ ಒಮ್ಮೆ ಮಗುಚಬೇಕು.
ನೂರೆಂಬತ್ತು. ಹನ್ನೆರಡು ನಿಮಿಷ.
ಮದ್ದೂರಿನವರು ಕಂಡರೆ ಉಗಿದಾರು;
ಆದರೂ ಹಲ್ಲಿಗೆ ಕಟುಂ ಎನ್ನುತ್ತದೆ,
ವಡೆ ಇಟ್ಟ ಪೇಪರನ್ನು ಆಮೇಲೂ ಓದಬಹುದು.
ಹಬ್ಬದ ಹಪ್ಪಳಕ್ಕೆ ಮಾತ್ರ ಬಾಣಲೆಯೇ.
ಅದನ್ನು ಡಾಕ್ಟರಿಗೆ ಹೇಳಿಲ್ಲ.

ಒಂದು ಸಂಜೆ ಎರಡನೇ ಸುತ್ತು ಒಳಗಿದ್ದಾಗ
ಕರೆಂಟು ಹೋಯಿತು. ಇಡೀ ಗುತ್ತಲು ಕತ್ತಲು.
ನಮ್ಮೋರ ಫೋನಿಗೆ ಊರೆಲ್ಲ ಒಟ್ಟಿಗೇ ಬೈಯತೊಡಗಿತು.
ಏಣಿ, ಕೈಗವಸು, ಬಾಯಲ್ಲಿ ಮೊದಲ ಸುತ್ತಿನ ಅರ್ಧ ವಡೆ,
ಹೊರಟರು.
ಅತ್ತೆಗೆ ಕತ್ತಲು ಹೊಸದೇ?
ಗೋಡೆ ಸವರುತ್ತ ಬಂದು
ಪೆಟ್ಟಿಗೆಯ ಬೆನ್ನಿಗೆ ಅಂಗೈ ಹಿಡಿದರು, ಮೂಗು ತಂದರು.
"ಬುಟ್ಟಿ ಎಳೀಬ್ಯಾಡ, ಕಾವು ಒಳಗೇ ಇರ್ಲಿ."

ಕಾಲು ಗಂಟೆಗೆ ಬೆಳಕು ಬಂತು.
ಯಂತ್ರ ಎಲ್ಲ ಮರೆತಿತ್ತು,
ಸೊನ್ನೆ ಸೊನ್ನೆ ಮಿನುಗಿಸುತ್ತ ನನ್ನನ್ನೇ ಕೇಳುತ್ತಿತ್ತು
ಎಲ್ಲಿದ್ದೆವು ಅಂತ. ನನಗೂ ನೆನಪಿಲ್ಲ.
"ಆರು ಮಡಗು," ಅಂದರು ಅತ್ತೆ.
ಇಟ್ಟೆ.
ನಾಲ್ಕಕ್ಕೇ ತಲೆ ಎತ್ತಿ
"ಈರುಳ್ಳಿ ವಾಸ್ನೆ ತಿರುಗ್ತು. ತಗೀ."
ಟಿಂಗ್ ಎನ್ನಲು ಇನ್ನೂ ಎರಡು ನಿಮಿಷ ಇತ್ತು. ತೆಗೆದೆ.

ಕಂಬದಿಂದಿಳಿದು ನಮ್ಮೋರು ಫೋನು ಮಾಡಿದರು,
"ಬಂತಾ?"
ಅತ್ತೆ ನನ್ನ ಕೈಯ ಮೇಲೆ ಬಾಗಿ, ದವಡೆಯಲ್ಲಿ ಬಿಸಿ ತುಂಡು,
"ಬೆಂತು ಕಣ್ಲಾ," ಅಂದರು.