ಸೊನ್ನೆಯ ರಕ್ತ

ಜನವರಿ. ಕುಓಪಿಯೊದ ಸರೋವರಕ್ಕೆ ಕಲ್ಲವೇಸಿ ಎಂದು ಹೆಸರು,
ನಮ್ಮ ಕಿವಿಗೆ ಕೇಳಿದಂತೆಯೇ ಕಲ್ಲಾಗಿದೆ.
ಮೂರೂವರೆಗೆ ಕತ್ತಲೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಹಿಲ್ಕಾ ಟ್ಯೂಬುಗಳಿಗೆ ನಂಬರು ಅಂಟಿಸುತ್ತಾಳೆ.
ಇಲ್ಲಿ ಯಾರಿಗೂ ಹೆಸರಿಲ್ಲ.

ಆದರೂ ಬೆಳಿಗ್ಗೆ ಸೂಜಿ ಚುಚ್ಚುವಾಗ
ಫೆರ್ರಿ ನಡೆಸುವ ತೈಸ್ತೊ, ಲೈಸೆನ್ಸಿನ ಚಿಂತೆಯವನು,
ಕೇಳದೆಯೇ ಹೇಳಿದ್ದ:
"ಎರಡು ವಾರದಿಂದ ಹನಿ ಮುಟ್ಟಿಲ್ಲ.
ಬೇಕಾದರೆ ಬಾಯಿ ಮೂಸಿ ನೋಡಿ."
ಅವಳು ಮೂಸಲಿಲ್ಲ.
ಬಾಯಿಯ ಸಾಕ್ಷಿ ಒಂದು ರಾತ್ರಿಯದು.

ಜೀವಕೋಶದ ಪೊರೆಯಲ್ಲಿ ಒಂದು ಕಿಣ್ವ,
ಫಾಸ್ಫೋಲೈಪೇಸ್ ಡಿ, ಹಳೆಯ ಗುಮಾಸ್ತ.
ಹೊರಗಿನಿಂದ ಕರೆ ಬಂದಾಗ
ಪೊರೆಯ ಕೊಬ್ಬಿನ ತುದಿ ಕತ್ತರಿಸಿ
ಕತ್ತರಿಸಿದ ಜಾಗಕ್ಕೆ ಒಂದು ಹನಿ ನೀರು ಕೂಡಿಸಿ
ಒಳಗೆ ಸುದ್ದಿ ಕಳಿಸುವುದು ಅದರ ಕೆಲಸ:
ಬೆಳೆ, ನಿಲ್ಲು, ಜರುಗು, ಇಷ್ಟು ಸಾಕು.
ಸುತ್ತ ನೀರೋ ನೀರು.

ಗ್ಲಾಸು ಎತ್ತಿದ ರಾತ್ರಿ
ತೇಲಿ ಬರುತ್ತದೆ ನೀರಿನ ದಾಯಾದಿ,
ಬೆನ್ನಿಗೆ ಎರಡು ಇಂಗಾಲ ಹೊತ್ತು.
ಅಷ್ಟೂ ನೀರನ್ನು ಪಕ್ಕಕ್ಕೆ ಸರಿಸಿ
ಕಿಣ್ವ ಅದರ ಕೈ ಹಿಡಿಯುತ್ತದೆ.
ಈ ಒಲವಿಗೆ ಕಾರಣ ಕೇಳಬೇಡಿ,
ಸಾವಿರ ಪಟ್ಟು ಎಂಬ ಅಳತೆ ಮಾತ್ರ ಇದೆ.

ಸುದ್ದಿ ಹೊರಡುವುದಿಲ್ಲ.
ಹುಟ್ಟುವುದು ಒಂದು ಜಿಡ್ಡು,
ಬೇಗ ಕರಗದ, ಯಾರಿಗೂ ಬೇಡದ ಜಿಡ್ಡು,
ಕೆಂಪು ಕಣದ ಗೋಡೆಗೆ ಅಂಟಿ ವಾರಗಟ್ಟಲೆ
ಮೆದುಳು, ಮೊಣಕಾಲು, ಹೆಬ್ಬೆರಳು ಸುತ್ತುತ್ತದೆ.
ಕುಡಿತಕ್ಕೆ 'ಎಣ್ಣೆ' ಎಂದು ಹೆಸರಿಟ್ಟವರು ನಮ್ಮ ಕಡೆ ಯಾರೋ,
ರಸಾಯನಶಾಸ್ತ್ರ ಓದದೆಯೇ ಇಟ್ಟಿರಬೇಕು.

ತೈಸ್ತೊನ ಗೆರೆ ಪರದೆಯ ಮೇಲೆ ನೆಟ್ಟಗೆ ಎದ್ದಿತು.
ಹಿಲ್ಕಾ ಅಂಕಿ ಬರೆದಳು.
ಮಂಜು ಒಡೆದಾಗ ಆ ಫೆರ್ರಿಗೆ ಬೇರೆ ಯಾರೋ.

ಯಂತ್ರಕ್ಕೆ ಒಂದು ಸೊನ್ನೆಯೂ ಬೇಕು,
ಕುಡಿಯದವರ ರಕ್ತ, ಅದರ ಎದುರು ಉಳಿದವರನ್ನು ಅಳೆಯಲು.
ಹನ್ನೊಂದು ವರ್ಷ ಆ ಸೊನ್ನೆ ಹಿಲ್ಕಾಳದು.
ತಿಂಗಳ ಮೊದಲ ಸೋಮವಾರ ತೋಳು ಚಾಚಿ ಕೂರುತ್ತಿದ್ದಳು,
"ಊರಿನ ಕುಡುಕರಿಗೆಲ್ಲ ನಾನೇ ತಕ್ಕಡಿ" ಎಂದು ನಗುತ್ತ.

ಇಂದು ವೆನ್ಲಾ ಸೂಜಿ ಹಿಡಿದು ಬಂದಾಗ
ಕೈಯ ಗುಂಡಿ ಬಿಚ್ಚಲಿಲ್ಲ.
ಕಿಟಕಿಯಿಲ್ಲದ ಗೋಡೆ ನೋಡುತ್ತ ಹೇಳಿದಳು:
"ಈಚೆಗೆ ನರ ಸಿಗುವುದಿಲ್ಲ. ಊರ್ಪೊನನ್ನು ಕೇಳು,
ಅವನು ಹಾಲು ಕುಡಿಯುವವನು."

ವೆನ್ಲಾ ಹೊಸಬಳು. ಸರಿ ಎಂದು ಹೋದಳು.

ಹಿಲ್ಕಾ ನಲ್ಲಿ ತಿರುಗಿಸಿ ಒಂದು ಲೋಟ ನೀರು ಕುಡಿದಳು.
ಇನ್ನೊಂದು. ನಾಲಿಗೆ ಜೋಮು ಹಿಡಿಯುವಷ್ಟು ತಣ್ಣಗೆ.
ಮೂರನೆಯದನ್ನು ಕೈಯಲ್ಲೇ ಹಿಡಿದು ನಿಂತಳು.